ಅವರ ದುಡಿಮೆಗೆ ಅವರದೇ ರುಜು

"ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆ" ಎಂಬ ಗಾದೆಯನ್ನು ಕೇಳದವರಿಲ್ಲ. ಮನುಷ್ಯನ ಅತಿಯಾಸೆಯನ್ನು ಹಂಗಿಸಲೆಂದು ಹಿರಿಯರು ಆಡಿದ ಮಾತು ಅದು. ಆದರೆ ಹಣದ ವಿಷಯ ಬಂದಾಗ ಬಾಯಿ ತೆರೆಯುವುದು ಎಲ್ಲರಿಗೂ ಸಹಜವೆಂಬ ಒಪ್ಪಿಗೆಯೂ ಅದರೊಳಗೆ ಅಡಗಿದೆ. ಹೀಗಿರುವಾಗ, ವಯಸ್ಸಿಗೆ ಬಂದು, ಕೈಲಾದಷ್ಟು ದುಡಿದು, ನಾಲ್ಕು ಕಾಸು ಸಂಪಾದಿಸಿಯೂ ತಮ್ಮ ಹಣದ ಕುರಿತು ಬಾಯಿ ತೆರೆಯಲು ಅವಕಾಶ ದೊರೆಯದ ಯುವಕ ಯುವತಿಯರು ನಮ್ಮ ನಡುವೆಯೇ ಇದ್ದಾರೆಂಬುದನ್ನು ನಾವು ಗಮನಿಸಿದ್ದೇವೆಯೇ? ಅವರು ವಿಕಲಚೇತನರು. ಅವರ ಪರವಾಗಿ ತಾಯಿ ಮಾತನಾಡುತ್ತಾರೆ, ಅಣ್ಣ ರುಜು ಹಾಕುತ್ತಾನೆ, ಅತ್ತಿಗೆ ಪಾಸ್‌ಪುಸ್ತಕವನ್ನು ಕಪಾಟಿನಲ್ಲಿಡುತ್ತಾರೆ. ಎಲ್ಲರೂ ಒಳ್ಳೆಯವರೇ. ಆದರೂ ಆ ಹಣ ಯಾರದೆಂಬ ಪ್ರಶ್ನೆಗೆ ಮನೆಯಲ್ಲಿ ಸ್ಪಷ್ಟವಾದ ಉತ್ತರವಿರುವುದಿಲ್ಲ.

ಇಂತಹ ಒಬ್ಬ ಯುವಕನಿಗೋ ಯುವತಿಗೋ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆಯಲು ನೆರವಾಗುವುದು ಮೇಲ್ನೋಟಕ್ಕೆ ಅರ್ಧ ದಿನದ ಕೆಲಸ. ನಾಲ್ಕು ಕಾಗದ, ಎರಡು ಭಾವಚಿತ್ರ, ಒಂದು ರುಜು, ಅಷ್ಟೇ. ಆದರೆ ಆ ಅರ್ಧ ದಿನದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಒಂದು ದೊಡ್ಡ ವಿಷಯ ನಿರ್ಧಾರವಾಗುತ್ತದೆ. ಆ ವ್ಯಕ್ತಿ ನಿಜವಾದ ಖಾತೆದಾರನಾಗುತ್ತಾನೋ, ಅಥವಾ ಬೇರೊಬ್ಬರು ನಡೆಸುವ ಖಾತೆಯ ಮೇಲಿನ ಬರಿಯ ಹೆಸರಾಗಿ ಉಳಿಯುತ್ತಾನೋ? ಪ್ರಿಯ ಓದುಗರೇ, ಈ ವಾರ ಅದನ್ನೇ ಕೊಂಚ ವಿಚಾರ ಮಾಡೋಣ.

ಅಂಚೆಯಣ್ಣನ ಕಾಲ ಸರಿದ ಮೇಲೆ

ಹಿಂದೆ ಮಾಸಾಶನವು ಮನಿಯಾರ್ಡರ್ ರೂಪದಲ್ಲಿ ಬರುತ್ತಿತ್ತು. ಅಂಚೆಯಣ್ಣ ಮನೆಯಂಗಳಕ್ಕೆ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟುಗಳನ್ನು ಎಣಿಸಿ ಕೈಗಿಡುತ್ತಿದ್ದ. ಇಂದು ಮಾಸಾಶನ, ವಿದ್ಯಾರ್ಥಿವೇತನ, ಸಂಬಳ ಇವೆಲ್ಲ ಬಹುಮಟ್ಟಿಗೆ ನೇರವಾಗಿ ಬ್ಯಾಂಕ್ ಖಾತೆಗೆ ಸಂದಾಯವಾಗುತ್ತವೆ. ಇದರಿಂದ ಸೋರಿಕೆ ಕಡಿಮೆಯಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಂಚೆಯಣ್ಣನ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಆ ಹಣ ಅದರ ಒಡೆಯನ ಅಂಗೈಯನ್ನು ಮುಟ್ಟುತ್ತಿತ್ತು. ಇಂದು ಖಾತೆಯನ್ನು ಬೇರೊಬ್ಬರು ನಡೆಸುವಲ್ಲಿ ಒಡೆಯನು ತನ್ನ ಹಣವನ್ನು ಕಣ್ಣಿನಿಂದಲೂ ಕಾಣುವುದಿಲ್ಲ.

ಖಾತೆ ತೆರೆಯಲು ಬಡತನವು ಈಗ ಅಡ್ಡಿಯಲ್ಲ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಡಿಯಲ್ಲಿ ಕನಿಷ್ಠ ಶಿಲ್ಕು ಇಡಬೇಕೆಂಬ ನಿರ್ಬಂಧವಿಲ್ಲದೆ ಖಾತೆ ತೆರೆಯಬಹುದು. ವಯಸ್ಸೂ ಅಡ್ಡಿಯಲ್ಲ. 10 ವರ್ಷ ದಾಟಿದ ಶಾಲಾಬಾಲಕರು ಸಹ ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಅವಕಾಶ ನೀಡಬಹುದೆಂದು ರಿಸರ್ವ್ ಬ್ಯಾಂಕ್ 2014ರ ಮೇ ತಿಂಗಳಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತು. ಐದನೆಯ ತರಗತಿಯ ಹುಡುಗನನ್ನು ನಂಬುವ ವ್ಯವಸ್ಥೆಯು 22ರ ಹರೆಯದ ವಿಕಲಚೇತನ ಯುವಕನ ಮುಂದೆ ಅಳುಕುವುದೇಕೆ?

ಅಳುಕಿನ ಒಂದು ಬೇರು ನಮ್ಮ ಮನೆಗಳಲ್ಲೇ ಇದೆ. ಮಗುವಿಗೆ 18 ತುಂಬುವವರೆಗೆ ತಂದೆತಾಯಿಗಳು ಸಹಜ ಪೋಷಕರು. ಅವರ ರುಜುವಿನಿಂದಲೇ ಮಗುವಿನ ವ್ಯವಹಾರ ನಡೆಯುತ್ತದೆ. 18 ತುಂಬಿದ ದಿನ ಆ ಅಧಿಕಾರ ತಾನಾಗಿಯೇ ಕೊನೆಗೊಳ್ಳುತ್ತದೆ. ಮಗನ ಅಥವಾ ಮಗಳ ವಿಕಲತೆ ಎಷ್ಟೇ ತೀವ್ರವಾಗಿದ್ದರೂ ಕಾನೂನಿನ ಕಣ್ಣಿಗೆ ಅವರು ಪ್ರಾಪ್ತವಯಸ್ಕರು. "ನಾನು ಹೆತ್ತ ತಾಯಿ, ನನ್ನ ಸಹಿ ಸಾಲದೇ?" ಎಂದು ಕೇಳುವ ತಾಯಂದಿರನ್ನು ನಾವು ಕಂಡಿದ್ದೇವೆ. ಪ್ರೀತಿಯ ದೃಷ್ಟಿಯಿಂದ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದಿನದಿಂದ ತಾಯಿಯ ಸ್ಥಾನ ಮಗನ ಮುಂದೆ ಅಲ್ಲ, ಅವನ ಪಕ್ಕದಲ್ಲಿ. ಈ ಒಂದು ಹೆಜ್ಜೆಯ ಅಂತರವನ್ನು ಮನಸ್ಸಿಗೆ ತಂದುಕೊಳ್ಳುವುದು ಎಲ್ಲ ತಂದೆತಾಯಿಗಳಿಗೂ ಕಷ್ಟ. ವಿಕಲಚೇತನ ಮಕ್ಕಳ ತಂದೆತಾಯಿಗಳಿಗಂತೂ ಅದು ಇನ್ನೂ ಕಷ್ಟ.

ಕೈ, ಕಣ್ಣು, ಕಾಲು

ದೇಹದ ವಿಕಲತೆಗೆ ಸಂಬಂಧಿಸಿದಂತೆ ನಿಯಮಗಳು ಬಹಳ ಮಟ್ಟಿಗೆ ಸ್ಪಷ್ಟವಾಗಿವೆ. ಕೊರತೆಯಿರುವುದು ನಿಯಮದಲ್ಲಲ್ಲ, ಅದರ ತಿಳುವಳಿಕೆಯಲ್ಲಿ. ರುಜು ಹಾಕಲಾಗದವರು ಕೈಯ ಹೆಬ್ಬೆಟ್ಟಿನ ಗುರುತನ್ನು, ಅದು ಸಾಧ್ಯವಿಲ್ಲದವರು ಕಾಲ್ಬೆರಳಿನ ಗುರುತನ್ನು ಒತ್ತಿ ಹಣ ತೆಗೆಯಬಹುದು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು. ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಷ್ಟೂ ಆಗದವರು ಯಾವುದಾದರೊಂದು ಗುರುತನ್ನು ಹಾಕಿದರೂ ಸಾಕು. ಗುರುತಿಗೂ ಅದನ್ನು ಹಾಕುವ ವ್ಯಕ್ತಿಗೂ ನಡುವೆ ದೈಹಿಕ ಸಂಪರ್ಕವಿರಬೇಕೆಂಬ ಸುಪ್ರೀಂ ಕೋರ್ಟಿನ ಅಭಿಪ್ರಾಯವನ್ನು ರಿಸರ್ವ್ ಬ್ಯಾಂಕ್ ತನ್ನ ಸುತ್ತೋಲೆಗಳಲ್ಲಿ ಎತ್ತಿ ಹೇಳಿದೆ. ಎಷ್ಟು ಅರ್ಥಪೂರ್ಣವಾದ ಮಾತು! ಅಕ್ಷರ ಅಂದವಾಗಿರಬೇಕಿಲ್ಲ, ಬೆರಳು ನೆಟ್ಟಗಿರಬೇಕಿಲ್ಲ. ಆ ಗುರುತಿನಲ್ಲಿ ಆ ಮನುಷ್ಯನ ಸ್ಪರ್ಶವಿರಬೇಕು.

ಅಂಧರಿಗೆ ಚೆಕ್ ಪುಸ್ತಕ, ಎ.ಟಿ.ಎಂ. ಕಾರ್ಡು, ಲಾಕರ್ ಮೊದಲಾದ ಯಾವ ಸೌಲಭ್ಯವನ್ನೂ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರ ಜೂನ್ 4ರಂದು ಸುತ್ತೋಲೆ ಹೊರಡಿಸಿತು. ಅದಕ್ಕೆ ಮೊದಲು, ಮೋಸ ಹೋದಾರು ಎಂಬ ಕಾರಣ ಹೇಳಿ ಅಂಧರಿಗೆ ಚೆಕ್ ಪುಸ್ತಕ ಕೊಡದ ಪರಿಪಾಠವಿತ್ತು. ವಿಕಲಚೇತನರಿಗೆ ಮನೆಬಾಗಿಲಿನಲ್ಲೇ ಮೂಲಭೂತ ಸೇವೆಗಳನ್ನು ಒದಗಿಸುವಂತೆ 2017ರ ನವೆಂಬರ್‌ನಲ್ಲಿ ಸೂಚನೆ ಬಂದಿತು. ಈಚೆಗೆ ಮೊಬೈಲ್ ಪರದೆಯ ಮೂಲಕವೇ ಖಾತೆ ತೆರೆಯುವ ಕ್ರಮ ಬಂದಾಗ ಹೊಸದೊಂದು ಗೋಡೆ ಎದ್ದಿತು. ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ತಿಳಿಯಲು ಯಂತ್ರವು ಕಣ್ಣು ಮಿಟುಕಿಸುವಂತೆ ಕೇಳುತ್ತದೆ. ಆಸಿಡ್ ದಾಳಿಯಲ್ಲಿ ಮುಖ ಸುಟ್ಟವರು, ದೃಷ್ಟಿಯಿಲ್ಲದವರು ಏನು ಮಾಡಬೇಕು? ಈ ಪ್ರಶ್ನೆಯನ್ನು ಹೊತ್ತು ಬಂದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿ, ಇಂತಹ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿಯು ಕೊಡುವ ಬದುಕುವ ಹಕ್ಕಿನ ಭಾಗವೆಂದು ಸಾರಿತು. 20 ನಿರ್ದೇಶನಗಳನ್ನೂ ನೀಡಿತು.

ಬುದ್ಧಿಯ ಪ್ರಶ್ನೆ

ಕೈ, ಕಣ್ಣು, ಕಾಲುಗಳ ಮಾತು ಹೀಗಾದರೆ, ಬೌದ್ಧಿಕ ವಿಕಲತೆಯುಳ್ಳವರ ಪ್ರಶ್ನೆ ಇನ್ನೂ ಜಟಿಲವಾದುದು. ಕೌಂಟರಿನ ಹಿಂದೆ ಕುಳಿತ ಸಿಬ್ಬಂದಿ ಹಿಂಜರಿದರೆ ಅವರನ್ನು ನಿರ್ದಯಿಗಳೆಂದು ದೂರುವುದು ಸರಿಯಲ್ಲ. ಖಾತೆಯೆಂಬುದು ಒಂದು ಕರಾರು. 1872ರ ಭಾರತೀಯ ಕರಾರು ಅಧಿನಿಯಮದ 11ನೆಯ ಕಲಮಿನಂತೆ ಕರಾರು ಮಾಡಿಕೊಳ್ಳುವವರು ಸ್ವಸ್ಥಚಿತ್ತರಾಗಿರಬೇಕು. ನಾಳೆ ಹಣ ಯಾರದೋ ಪಾಲಾದರೆ ಉತ್ತರ ಹೇಳಬೇಕಾದವರು ಅದೇ ಸಿಬ್ಬಂದಿ.

ಆದರೆ ಅದೇ ಅಧಿನಿಯಮದ 12ನೆಯ ಕಲಮನ್ನೂ ಓದಬೇಕು. ಸ್ವಸ್ಥಚಿತ್ತವೆಂದರೆ ಪರೀಕ್ಷೆಯಲ್ಲಿ ಪಡೆದ ಅಂಕವೆಂದಾಗಲಿ, ವೈದ್ಯರ ಪ್ರಮಾಣಪತ್ರದ ಶೇಕಡಾವಾರು ಎಂದಾಗಲಿ ಅದು ಹೇಳುವುದಿಲ್ಲ. ಕರಾರು ಮಾಡುವ ಆ ಹೊತ್ತಿನಲ್ಲಿ, ಆ ಕರಾರನ್ನು ತಿಳಿದುಕೊಂಡು, ಅದರಿಂದ ತನಗಾಗುವ ಒಳಿತು ಕೆಡುಕನ್ನು ತೂಗಿ ನೋಡಬಲ್ಲನೇ ಎಂಬುದಷ್ಟೇ ಅದರ ಅಳತೆಗೋಲು. ಅಂದರೆ, "ಇವನಿಗೆ ಬುದ್ಧಿಯಿದೆಯೇ?" ಎಂಬ ಒಟ್ಟಾರೆ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. "ಈ ವಿಷಯ ಇವನಿಗೆ ತಿಳಿಯುತ್ತದೆಯೇ?" ಎಂಬ ನಿರ್ದಿಷ್ಟ ಪ್ರಶ್ನೆಗೆ ಮಾತ್ರ ಜಾಗವಿದೆ. ಉಳಿತಾಯ ಖಾತೆಯ ತಿರುಳು ಸರಳವಾದುದು. ನಾನು ಕೊಟ್ಟದ್ದನ್ನು ನೀವು ಇಟ್ಟುಕೊಳ್ಳುತ್ತೀರಿ; ನಾನು ಕೇಳಿದಾಗ ನೀವು ಹಿಂದಿರುಗಿಸುತ್ತೀರಿ. ಆಸ್ತಿ ಮಾರಾಟದ ಪತ್ರ ಅರ್ಥವಾಗದವನಿಗೂ ಇದು ಅರ್ಥವಾದೀತು.

ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಓದಿದ ಒಂದು ವ್ಯಾಖ್ಯೆ ಇಲ್ಲಿ ನೆನಪಿಗೆ ಬರುತ್ತದೆ. 'ವ್ಯಕ್ತಿ' ಎಂದರೆ ಯಾರು ಎಂಬ ಪ್ರಶ್ನೆಗೆ ಆರನೆಯ ಶತಮಾನದ ಬೊಯೆಥಿಯಸ್ ಕೊಟ್ಟ ಉತ್ತರದ ಸಾರವಿಷ್ಟು: ವಿವೇಚನೆಯುಳ್ಳ ಸ್ವಭಾವದ ಪ್ರತ್ಯೇಕ ಸತ್ತ್ವವೇ ವ್ಯಕ್ತಿ. ಅವಸರದಲ್ಲಿ ಓದಿದರೆ, ವಿವೇಚನೆ ಕಡಿಮೆಯಿದ್ದವನ ವ್ಯಕ್ತಿತ್ವವೂ ಕಡಿಮೆಯೆಂಬ ಅಪಾಯಕರ ತೀರ್ಮಾನಕ್ಕೆ ನಾವು ಜಾರಬಹುದು. ಆದರೆ ಆ ದಾರ್ಶನಿಕನು ಆರಿಸಿಕೊಂಡ ಪದ 'ಸ್ವಭಾವ'; 'ಸಾಧನೆ' ಅಲ್ಲ. ನಿದ್ರಿಸುವವನೂ, ಜ್ವರದಲ್ಲಿ ಕನವರಿಸುವವನೂ, ತೊಟ್ಟಿಲ ಶಿಶುವೂ ಈ ಕ್ಷಣ ವಿವೇಚಿಸುತ್ತಿಲ್ಲ. ಹಾಗೆಂದು ಅವರು ವಸ್ತುಗಳಾಗುವುದಿಲ್ಲ. ಸಾಮರ್ಥ್ಯದಲ್ಲಿ ಹೆಚ್ಚು ಕಡಿಮೆಯುಂಟು, ವ್ಯಕ್ತಿತ್ವದಲ್ಲಿ ಹೆಚ್ಚು ಕಡಿಮೆಯಿಲ್ಲ. ಅಸಾಮರ್ಥ್ಯ ಬೇರೆ, ಅನರ್ಹತೆ ಬೇರೆ. ಮೊದಲನೆಯದಕ್ಕೆ ಉತ್ತರ ನೆರವು. ಎರಡನೆಯದನ್ನು ನಾವೇ ಹೊರಿಸುತ್ತೇವೆ.

ನಮ್ಮ ದೇಶದ ಕಾನೂನು ಸಹ ಈ ದಿಕ್ಕಿಗೇ ಸಾಗಿ ಬಂದಿದೆ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕನುಗುಣವಾಗಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಆಸ್ತಿಯನ್ನು ಹೊಂದಲು, ತಮ್ಮ ಹಣಕಾಸಿನ ವ್ಯವಹಾರವನ್ನು ತಾವೇ ನಿಯಂತ್ರಿಸಲು, ಬ್ಯಾಂಕ್ ಸಾಲ ಪಡೆಯಲು ವಿಕಲಚೇತನರಿಗೆ ಇತರರಷ್ಟೇ ಹಕ್ಕಿದೆಯೆಂದು ಅದರ 13ನೆಯ ಕಲಮು ಹೇಳುತ್ತದೆ. ನೆರವು ನೀಡುವವನು ಒತ್ತಡ ಹೇರಬಾರದು, ಅವರ ಸ್ವಾತಂತ್ರ್ಯ, ಘನತೆ ಮತ್ತು ಗೋಪ್ಯತೆಯನ್ನು ಗೌರವಿಸಬೇಕು, ಹಣದ ವ್ಯವಹಾರದಲ್ಲಿ ತನ್ನ ಹಿತಕ್ಕೂ ಅವರ ಹಿತಕ್ಕೂ ಘರ್ಷಣೆಯಿದ್ದರೆ ಆ ನೆರವಿನಿಂದ ಹಿಂದೆ ಸರಿಯಬೇಕು ಎಂಬ ಎಚ್ಚರಿಕೆಯೂ ಅದೇ ಕಲಮಿನಲ್ಲಿದೆ.

ಒಂದು ರುಜು, ಎರಡು ದಾರಿ

ನಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ 22ರ ಹರೆಯದ ಒಬ್ಬ ಯುವಕನಿದ್ದಾನೆ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ತಂದೆ ತೀರಿಕೊಂಡಿದ್ದಾರೆ, ತಾಯಿ ಬೀಡಿ ಕಟ್ಟಿ ಸಂಸಾರ ನಡೆಸುತ್ತಾರೆ. ಅವನು ತರಬೇತಿ ಕೇಂದ್ರವೊಂದರಲ್ಲಿ ಕಾಗದದ ಲಕೋಟೆಗಳನ್ನು ಅಂಟಿಸುತ್ತಾನೆ. ತಿಂಗಳ ಸಂಭಾವನೆಯನ್ನು ಇನ್ನು ಮುಂದೆ ಖಾತೆಗೇ ಹಾಕುತ್ತೇವೆಂದು ಕೇಂದ್ರದವರು ಹೇಳಿದಾಗ, ತಾಯಿಯ ಕೋರಿಕೆಯಂತೆ ನಾವೂ ಅವರೊಡನೆ ಹತ್ತಿರದ ಬ್ಯಾಂಕ್ ಶಾಖೆಗೆ ಹೋದೆವು.

ಅಲ್ಲಿನ ಅಧಿಕಾರಿ ಸಜ್ಜನರು. ಕುರ್ಚಿ ಹಾಕಿಸಿದರು, ಕಾಗದಪತ್ರ ನೋಡಿದರು. ಪ್ರಶ್ನೆಗಳನ್ನು ಮಾತ್ರ ತಾಯಿಗೆ ಕೇಳಿದರು. "ಅಮ್ಮಾ, ಇವನಿಗೆ ಇದೆಲ್ಲ ಗೊತ್ತಾಗ್ತದಾ?" ಯುವಕ ಇಬ್ಬರ ನಡುವೆ ಕುಳಿತಿದ್ದ. ಕೊಂಚ ಹೊತ್ತಿನ ಬಳಿಕ ಅವರು ನಮ್ಮ ಕಡೆ ತಿರುಗಿ, "ಫಾದರ್, ನಿಮ್ಮನ್ನು ಊರೇ ನಂಬುತ್ತದೆ. ಪೋಷಕರ ಜಾಗದಲ್ಲಿ ನೀವೇ ಒಂದು ಸೈನ್ ಹಾಕಿ, ಕೆಲಸ ಆಗ್ತದೆ" ಎಂದರು.

ಪ್ರಲೋಭನೆ ಯಾವಾಗಲೂ ಕೆಟ್ಟ ವೇಷದಲ್ಲಿ ಬರುವುದಿಲ್ಲ. ಕೆಲವೊಮ್ಮೆ ಗೌರವದ ವೇಷದಲ್ಲಿಯೂ ಬರುತ್ತದೆ. ಆದರೆ ಧರ್ಮಗುರುವನ್ನು ಯಾರದೋ ಪೋಷಕನನ್ನಾಗಿ ಮಾಡುವ ಕಾನೂನು ಯಾವುದೂ ಇಲ್ಲ. ಮೇಲಾಗಿ, ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವವರು ನಾವು. ನಮ್ಮ ರುಜುವಿನ ಮೇಲೆ ನಿಂತ ಖಾತೆಯು ನಾವು ಹೋದ ಮರುದಿನ ಯಾರ ಖಾತೆ? ನಾವು ಒಪ್ಪಲಿಲ್ಲ. ಖಾತೆ ಆ ದಿನ ಆಗಲಿಲ್ಲ. ಮೆಟ್ಟಿಲಿಳಿಯುವಾಗ ತಾಯಿ ಬೇಸರದಿಂದ, "ಒಂದು ದಿನದ ಬೀಡಿ ಹೋಯ್ತು ಫಾದರ್. ನೀವೊಂದು ಸೈನ್ ಹಾಕಿದ್ದರೆ ಮುಗೀತಿತ್ತಲ್ಲ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತತ್ತ್ವಕ್ಕಾಗಿ ತೆರಬೇಕಾದ ಬೆಲೆ ಹಲವು ಬಾರಿ ಬಡವರ ಕೂಲಿಯಿಂದಲೇ ಕಡಿತವಾಗುತ್ತದೆಂಬುದನ್ನು ತತ್ತ್ವ ಹೇಳುವವರು ಮರೆಯಬಾರದು. ಎರಡನೆಯ ಸಲ ಅವರ ಕೂಲಿ ತಪ್ಪದಂತೆ ವಾರ್ಡಿನ ಗುರಿಕಾರರು ದಿನ ಗೊತ್ತುಮಾಡಿದರು.

ಆ ನಡುವಿನ ವಾರಗಳಲ್ಲಿ ನೆರೆಯ ಇಬ್ಬರು ಕಾಲೇಜು ವಿದ್ಯಾರ್ಥಿನಿಯರು ಅವನೊಡನೆ ಕುಳಿತರು. ತನ್ನ ಹೆಸರನ್ನು ಒಂದೇ ರೀತಿಯಲ್ಲಿ ಬರೆಯುವುದು, ಐದು ಬಗೆಯ ನೋಟುಗಳನ್ನು ಬೇರ್ಪಡಿಸುವುದು, ಪಾಸ್‌ಪುಸ್ತಕದಲ್ಲಿ ಕೊನೆಯ ಸಾಲನ್ನು ಹುಡುಕುವುದು, ಇಷ್ಟೇ ಪಾಠ. ಎರಡನೆಯ ಭೇಟಿಯಲ್ಲಿ, ಪ್ರಶ್ನೆಗಳನ್ನು ಅವನಿಗೇ ಕೇಳಬೇಕೆಂದು ನಾವು ಮ್ಯಾನೇಜರರನ್ನು ವಿನಂತಿಸಿದೆವು. ಅವರು ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ಬ್ಯಾಂಕಿನಲ್ಲಿ ದುಡ್ಡು ಹಾಕಿದರೆ ಏನಾಗುತ್ತದೆಂದು ಕೇಳಿದರು.

"ನನ್ನ ದುಡ್ಡು ಇಲ್ಲಿ ಇರ್ತದೆ. ನಾನು ಕೇಳಿದ್ರೆ ಕೊಡ್ಬೇಕು."

"ಬೇರೆ ಯಾರಾದರೂ ಬಂದು ಕೇಳಿದರೆ?"

"ಕೊಡ್ಬೇಡಿ."

"ಅಮ್ಮ ಬಂದು ಕೇಳಿದರೆ?"

ಅವನು ತಾಯಿಯ ಮುಖ ನೋಡಿದ. ಬಹಳ ಹೊತ್ತು ಯೋಚಿಸಿದ. "ನಾನೂ ಒಟ್ಟಿಗೆ ಬಂದ್ರೆ ಕೊಡಿ" ಎಂದ.

ಮ್ಯಾನೇಜರರು ಫಾರಮನ್ನು ಅವನ ಮುಂದಿಟ್ಟರು. ಕರಾರು ಅಧಿನಿಯಮದ 12ನೆಯ ಕಲಮು ಕೇಳುವ ತಿಳುವಳಿಕೆ ಆ ಮೊದಲ ಎರಡು ಉತ್ತರಗಳಲ್ಲಿದೆ. ಮೂರನೆಯ ಉತ್ತರದಲ್ಲಿ ಅದಕ್ಕಿಂತ ಹೆಚ್ಚಿನದೇನೋ ಇದೆ. ತಾಯಿಯನ್ನು ದೂರವಿಡದೆ, ತನ್ನನ್ನೂ ಬಿಟ್ಟುಕೊಡದೆ ಹೇಳಿದ ಮಾತು ಅದು.

ಅವನಿಗೆ ಎಲ್ಲವೂ ತಿಳಿದಿದೆಯೆಂದು ನಾವು ಹೇಳುತ್ತಿಲ್ಲ. ಬಡ್ಡಿಯೆಂದರೇನು ಎಂಬುದು ಇನ್ನೂ ತಿಳಿದಿಲ್ಲ. ಎ.ಟಿ.ಎಂ. ಕಾರ್ಡನ್ನು ಸದ್ಯಕ್ಕೆ ಪಡೆದಿಲ್ಲ. ತಂದೆ ಬಿಟ್ಟುಹೋದ ಕೆಲವು ಸೆಂಟ್ಸ್ ಜಾಗದ ವಿಷಯ ನಾಳೆ ಎದ್ದಾಗ ಅವನಿಗೆ ಇದಕ್ಕಿಂತ ಹೆಚ್ಚಿನ ನೆರವು ಬೇಕಾದೀತು. ಆದರೆ ಜಾಗದ ವಿಷಯ ತಿಳಿಯದೆಂಬ ಕಾರಣಕ್ಕೆ ಲಕೋಟೆಯ ಸಂಭಾವನೆಯನ್ನು ಅವನ ಕೈಯಿಂದ ದೂರವಿಡುವುದು ಯಾವ ನ್ಯಾಯ?

ನೆರವಾಗುವವರು ಮಾಡಬೇಕಾದ್ದು

ಇಂತಹ ಕಾರ್ಯಕ್ಕೆ ಹೊರಡುವವರಿಗಾಗಿ ಕೆಲವು ಮಾತುಗಳು. ಮೊದಲು ಕಾಗದಪತ್ರ. ಆಧಾರ್, ಭಾವಚಿತ್ರ, ಪಾನ್ ಕಾರ್ಡು ಅಥವಾ ಅದಿಲ್ಲದವರು ಕೊಡಬೇಕಾದ ಘೋಷಣಾಪತ್ರ ಇವು ಎಲ್ಲರಿಗೂ ಇದ್ದಂತೆಯೇ. ಬೆರಳಚ್ಚು ಮೂಡದವರಿಗೆ, ಬೆರಳಿಲ್ಲದವರಿಗೆ ಆಧಾರ್ ನೋಂದಣಿಯಲ್ಲಿ ವಿನಾಯಿತಿಯ ಕ್ರಮವಿದೆ. ಆದ್ದರಿಂದ ಬೆರಳಚ್ಚು ಬರುವುದಿಲ್ಲವೆಂದು ಯಾರೂ ಹಿಂದೆ ಬರಬೇಕಾಗಿಲ್ಲ. ವಿಕಲತೆಯ ಗುರುತಿನ ಚೀಟಿ ಮಾಸಾಶನಕ್ಕೆ ಬೇಕು. ಅದನ್ನು ಮಾಡಿಸಿಕೊಳ್ಳುವ ದಾರಿಯನ್ನು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ತೋರಿಸಿಕೊಡುತ್ತಾರೆ.

ಎರಡನೆಯದು, ಸಂತೆಯಂತೆ ಜನ ಸೇರುವ ತಿಂಗಳ ಮೊದಲ ವಾರದಲ್ಲಿ ಹೋಗದೆ, ಮುಂಚಿತವಾಗಿ ಮ್ಯಾನೇಜರರಲ್ಲಿ ಸಮಯ ಕೇಳಿಕೊಂಡು, ಜನಸಂದಣಿ ಕಡಿಮೆಯಿರುವ ಹೊತ್ತಿನಲ್ಲಿ ಹೋಗುವುದು ಲೇಸು. ಗದ್ದಲದಲ್ಲಿ ನಮಗೇ ಮಾತು ಮರೆಯುತ್ತದೆ. ಅವರಿಗೆ ಇನ್ನೂ ಹೆಚ್ಚು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರಶ್ನೆಗೆ ನಾವು ಉತ್ತರಿಸಬಾರದು. ಉತ್ತರ ತಡವಾಗಿ ಬಂದರೆ ಕಾಯಬೇಕು. ಮಾತು ಸ್ಪಷ್ಟವಿಲ್ಲದವರು ತಲೆಯಾಡಿಸಿ, ಬೆರಳು ತೋರಿಸಿ, ಚಿತ್ರ ಮುಟ್ಟಿ ಹೇಳಿದರೂ ಅದು ಉತ್ತರವೇ. ಸೆರೆಬ್ರಲ್ ಪಾಲ್ಸಿಯಿರುವ ಹಲವರಲ್ಲಿ ಮಾತು ತೊದಲಿದರೂ ಬುದ್ಧಿ ಚುರುಕಾಗಿಯೇ ಇರುತ್ತದೆ. ನಾಲಗೆಯ ತೊದಲನ್ನು ಬುದ್ಧಿಯ ತೊದಲೆಂದು ತಿಳಿಯುವುದು ಅವರಿಗೆ ಮಾಡುವ ಅವಮಾನ.

ನಾಲ್ಕನೆಯದು, ಖಾತೆ ತೆರೆದ ದಿನವೇ ನಮ್ಮ ಕೆಲಸ ಮುಗಿಯುವುದಿಲ್ಲ. ಮುಂದಿನ ಕೆಲವು ತಿಂಗಳು ಅವರೇ ಬಂದು, ಅವರೇ ಚೀಟಿ ತುಂಬಿ ಅಥವಾ ತುಂಬಿಸಿ, ಸಣ್ಣ ಮೊತ್ತವನ್ನು ತೆಗೆಯಲಿ. ಅದನ್ನು ಎಣಿಸಿ ಜೇಬಿಗಿಡಲಿ. ಅದರಲ್ಲಿ ಅವರಿಗೆ ಇಷ್ಟವಾದದ್ದನ್ನು ಕೊಳ್ಳಲಿ. ಗುಪ್ತಸಂಖ್ಯೆಯನ್ನು ನಾವು ಕೇಳಬಾರದು, ಪಾಸ್‌ಪುಸ್ತಕವನ್ನು ನಾವು ಇಟ್ಟುಕೊಳ್ಳಬಾರದು. ಆಶ್ರಮ, ವಸತಿನಿಲಯಗಳನ್ನು ನಡೆಸುವವರೂ ಇದನ್ನು ಗಮನಿಸುವುದು ಒಳ್ಳೆಯದು. ಎಲ್ಲರ ಪಾಸ್‌ಪುಸ್ತಕಗಳಿಗೂ ಕಚೇರಿಯ ಒಂದೇ ಕಪಾಟು, ಒಂದೇ ಬೀಗದಕೈ ಎಂಬುದು ಅಚ್ಚುಕಟ್ಟಾಗಿ ಕಾಣಬಹುದು. ಅದು ಪಾಸ್‌ಪುಸ್ತಕದ ಒಡೆಯರಿಗೆ ಒಪ್ಪಿಗೆಯೇ ಎಂದು ಕೇಳಿದವರುಂಟೇ?

"ಯಾರಾದರೂ ಮೋಸ ಮಾಡಿದರೆ?" ಎಂಬ ಭಯ ಸುಳ್ಳಲ್ಲ. ಅದಕ್ಕೂ ಉಪಾಯಗಳಿವೆ. ದಿನನಿತ್ಯದ ಖರ್ಚಿಗೆ ಸಣ್ಣ ಶಿಲ್ಕಿನ ಉಳಿತಾಯ ಖಾತೆಯಿರಲಿ, ದೊಡ್ಡ ಮೊತ್ತವೇನಾದರೂ ಇದ್ದರೆ ಅವರದೇ ಹೆಸರಿನ ನಿರಖು ಠೇವಣಿಯಲ್ಲಿರಲಿ. ಕಾರ್ಡಿನಿಂದ ತೆಗೆಯಬಹುದಾದ ಮಿತಿಯನ್ನು ತಗ್ಗಿಸಿಡಬಹುದು. ನಾಮಿನಿ ಯಾರೆಂದು ಅವರನ್ನೇ ಕೇಳಿ ಬರೆಸಬೇಕು. ಇಷ್ಟಾಗಿಯೂ ಒಮ್ಮೊಮ್ಮೆ ಐವತ್ತೋ ನೂರೋ ರೂಪಾಯಿ ಕಳೆದೀತು. ಮೀನು ಮಾರುಕಟ್ಟೆಯಲ್ಲಿ ಒಮ್ಮೆಯೂ ಮೋಸ ಹೋಗದೆ ವ್ಯವಹಾರ ಕಲಿತವರು ನಮ್ಮಲ್ಲಿ ಎಷ್ಟು ಮಂದಿ? ಕಳೆದುಕೊಳ್ಳುವ ಅವಕಾಶವೇ ಇಲ್ಲದವನಿಗೆ ಕಲಿಯುವ ಅವಕಾಶವೂ ಇರುವುದಿಲ್ಲ.

ಶಾಖೆಯಲ್ಲಿ ಕಾರಣವಿಲ್ಲದೆ ನಿರಾಕರಿಸಿದರೆ, ಕಾರಣವನ್ನು ಬರವಣಿಗೆಯಲ್ಲಿ ಕೊಡಿರೆಂದು ವಿನಯದಿಂದ ಕೇಳಬೇಕು. ಬಹಳಷ್ಟು ತೊಡಕುಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. 2016ರ ಅಧಿನಿಯಮದಡಿ ನೇಮಕವಾಗುವ ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು.

ಪೋಷಕತ್ವ ಯಾವಾಗ?

ಎಷ್ಟು ಕಾದರೂ, ಎಷ್ಟು ಕಲಿಸಿದರೂ ಹಣದ ಕಲ್ಪನೆಯೇ ಮೂಡದ ಮಕ್ಕಳಿದ್ದಾರೆ. ಅವರ ತಂದೆತಾಯಿಗಳು ಈ ಬರಹವನ್ನು ಓದಿ, ತಾವೇನೋ ತಪ್ಪು ಮಾಡಿದೆವೆಂದು ನೊಂದುಕೊಳ್ಳಬಾರದು. ಅವರಿಗಾಗಿಯೇ 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮವಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಈ ನಾಲ್ಕು ಬಗೆಯವರಿಗೆ ಅದು ಅನ್ವಯಿಸುತ್ತದೆ. ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿಯು ಅರ್ಜಿಯನ್ನು ಪರಿಶೀಲಿಸಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಈ ಸಮಿತಿಯ ಪ್ರಮಾಣಪತ್ರವನ್ನು ನಂಬಿ ಖಾತೆ ತೆರೆಯಲು, ನಡೆಸಲು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2007ರ ನವೆಂಬರ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿತು. ಅದರಿಂದ, ಇಂತಹ ಕುಟುಂಬಗಳು ಬರಿಯ ಖಾತೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಶ್ರಮ ತಪ್ಪಿತು.

ಆದರೆ ಪೋಷಕನೆಂದರೆ ಒಡೆಯನಲ್ಲ. ನೇಮಕವಾದ ಆರು ತಿಂಗಳೊಳಗೆ ಅವನು ಆಸ್ತಿಯ ಪಟ್ಟಿಯನ್ನು ಸಲ್ಲಿಸಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷಿಸಿದರೆ, ಕಬಳಿಸಿದರೆ ಅವನನ್ನು ತೆಗೆದುಹಾಕುವ ಅಧಿಕಾರ ಸಮಿತಿಗಿದೆ. 2016ರ ಅಧಿನಿಯಮದ 14ನೆಯ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಸೀಮಿತ ಪೋಷಕತ್ವ'ದ ಮಾತು ಹೇಳುತ್ತದೆ. ಸಾಕಷ್ಟು ನೆರವು ಕೊಟ್ಟ ಮೇಲೂ ತೀರ್ಮಾನ ಕೈಗೊಳ್ಳಲಾಗದಿದ್ದರೆ ಮಾತ್ರ, ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಯನ್ನು ಅನುಸರಿಸಿ, ಪರಸ್ಪರ ನಂಬಿಕೆಯಿಂದ ಇಬ್ಬರೂ ಕೂಡಿ ಕೈಗೊಳ್ಳುವ ತೀರ್ಮಾನ ಅದು. ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ಆ ಯುವಕ ಹೇಳಿದ "ನಾನೂ ಒಟ್ಟಿಗೆ ಬಂದ್ರೆ" ಎಂಬ ಮಾತಿಗೂ ಇದಕ್ಕೂ ಎಷ್ಟು ಹತ್ತಿರದ ನಂಟು! ನೆರವು ಮೊದಲು, ಪೋಷಕತ್ವ ಕೊನೆಗೆ. ಈ ಕ್ರಮವನ್ನು ತಿರುಗಿಸಿ, ಎಲ್ಲರಿಗೂ ಮೊದಲೇ ಪೋಷಕರನ್ನು ತನ್ನಿರೆಂದು ಕೇಳುವುದು ಸುಲಭ. ಸುಲಭವಾದುದೆಲ್ಲ ನ್ಯಾಯವಲ್ಲ.

ಈ ಮಣ್ಣಿನ ರೂಢಿ

ನಮ್ಮ ಕರಾವಳಿಯನ್ನು ಬ್ಯಾಂಕುಗಳ ತವರೆಂದು ಕರೆಯುತ್ತಾರೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಆರಂಭವಾಯಿತು. 1912ರಲ್ಲಿ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕ್ ಹುಟ್ಟಿತು. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಪಿಗ್ಮಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಬಾಗಿಲು ತುಳಿಯಲು ಅಂಜುತ್ತಿದ್ದ ಕೂಲಿಯವನ ಬಳಿಗೆ ಬ್ಯಾಂಕೇ ನಡೆದು ಬಂದ ಊರಿದು. ಆ ಬ್ಯಾಂಕುಗಳಲ್ಲಿ ಕೆಲವು ಈಗ ಬೇರೆ ಬ್ಯಾಂಕುಗಳೊಡನೆ ವಿಲೀನವಾಗಿವೆ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ 2020ರ ಏಪ್ರಿಲ್ 1ರಂದು ಸೇರಿಹೋದವು. ಹೆಸರು ಹೋದರೂ ರೂಢಿ ಹೋಗಬೇಕಾಗಿಲ್ಲ. ಎರಡಾಣೆಯ ಒಡೆಯನಿಗೆ ಸಂದ ಮರ್ಯಾದೆ ಲಕೋಟೆ ಅಂಟಿಸುವವನಿಗೂ ಸಲ್ಲಬೇಕು.

ಪ್ರತಿಯೊಂದು ವಾರ್ಡಿನಲ್ಲಿ, ಪ್ರತಿಯೊಂದು ಕೇರಿಯಲ್ಲಿ, ಧರ್ಮ ಜಾತಿಗಳ ಭೇದವಿಲ್ಲದೆ ಇಂತಹ ಒಬ್ಬರಾದರೂ ಸಿಗುತ್ತಾರೆ. ತಂದೆತಾಯಿಗಳು ಗಟ್ಟಿಯಾಗಿರುವಾಗಲೇ ಈ ಕೆಲಸ ಆಗಬೇಕು. ಅವರು ಕಣ್ಮುಚ್ಚಿದ ಮರುದಿನ ಮನೆಯಲ್ಲಿ ಮೊದಲು ಹುಡುಕಾಡುವುದು ಪಾಸ್‌ಪುಸ್ತಕವನ್ನು. ಆ ಪುಸ್ತಕವನ್ನು "ಇದು ನನ್ನದು" ಎಂದು ಎತ್ತಿ ಹಿಡಿಯಬಲ್ಲ ಕೈಯನ್ನು ಇಂದೇ ಅಣಿಗೊಳಿಸಬೇಕು. ಜತೆಗೆ ಹೋಗಲು ಮನಸ್ಸಿರುವವರು ಹೋಗಿ. ಎರಡು ಸಲವೋ ಮೂರು ಸಲವೋ ಹೋಗಬೇಕಾದೀತು, ಹೋಗಿ. ಆದರೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮುಂದೆ ಕುಳಿತರೆ, ಕೌಂಟರಿನ ಆಚೆಯಿರುವವರಿಗೆ ಅವರು ಕಾಣಿಸುವುದಿಲ್ಲ.